ರಾಮೆನ್ ಅಂಗಡಿಯ ಹೊಸ್ತಿಲಲ್ಲಿ

ಕಳೆದ ವರ್ಷ ಮಾರ್ಚಿ ತಿಂಗಳಲ್ಲಿ ಹದಿನೈದು ದಿನ ಟೋಕಿಯೋ ನಗರದಲ್ಲಿರುವ ಯೋಗ ನನಗೊದಗಿತ್ತು. ನನ್ನ ಬಾಮೈದ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಮನೆ ನಿಶಿ-ಕಸಾಯ್ ಎಂಬ ಬಡಾವಣೆಯಲ್ಲಿ. ೨೦೦೦ನೆಯ ಇಸವಿಯ ಸುಮಾರಿನಿಂದ ಭಾರತದ ಎಂಜಿನಿಯರುಗಳು ಸಂಸಾರಸಮೇತ ಬಂದು ನೆಲೆಸುತ್ತಿರುವ ಜಾಗ ಅದು. ತೊಗರಿಬೇಳೆಗೂ ಸಾಸಿವೆಗೂ ಅಲ್ಲಿ ಬರವಿಲ್ಲ. ಒಂದು ಸಂಜೆ ಜಿನುಗು ಮಳೆಯಲ್ಲಿ ರೈಲು ನಿಲ್ದಾಣದಿಂದ ಮನೆಯ ಕಡೆಗೆ ನಡೆಯುತ್ತಿದ್ದಾಗ, ಒಂದು ಸಂದಿಯ ಮೂಲೆಯಲ್ಲಿ ಅವನು ನಿಂತುಬಿಟ್ಟ. ಎದುರಿಗೆ ಚಿಕ್ಕದೊಂದು ಅಂಗಡಿ. ಬಾಗಿಲಿಗೆ ಅರ್ಧದವರೆಗೆ ಇಳಿಬಿಟ್ಟ ಕೆಂಪು ಬಟ್ಟೆಯ ಪರದೆ. ಅದಕ್ಕೆ 'ನೋರೆನ್' ಎನ್ನುತ್ತಾರೆ. ಪರದೆ ಹೊರಗಿದ್ದರೆ ಅಂಗಡಿ ತೆರೆದಿದೆ, ಒಳಗೆಳೆದುಕೊಂಡಿದ್ದರೆ ಮುಚ್ಚಿದೆ ಎಂದು ಅರ್ಥ. ಅದರ ಕೆಳಗಿನಿಂದ ಒಂದು ಉದ್ದನೆಯ ಹಲಗೆ, ಅದರ ಮುಂದೆ ಎಂಟು ಎತ್ತರದ ಪೀಠಗಳು, ಪೀಠಗಳ ಮೇಲಿನ ಬೆನ್ನುಗಳು, ಮತ್ತು ದೊಡ್ಡ ಹಂಡೆಗಳಿಂದೇಳುವ ಹಬೆ ಕಾಣುತ್ತಿದ್ದುವು.

"ಭಾವ, ನನಗೆ ಹಸಿವು. ಇಲ್ಲೇ ಒಂದು ಬಟ್ಟಲು ರಾಮೆನ್ ತಿಂದುಕೊಂಡು ಹೋಗೋಣವೆ? ನಿಮಗೆ ಆಗುತ್ತದೋ ಇಲ್ಲವೋ ನೀವೇ ಹೇಳಬೇಕು" ಎಂದ.

ನಾನು ಹಾಗೆಯೇ ನಿಂತೆ. ನಮ್ಮ ಅಜ್ಜ ಬದುಕಿರುವ ತನಕ ಹೋಟಲಿನಲ್ಲಿ ನೀರನ್ನೂ ಮುಟ್ಟಿದವರಲ್ಲ. ನಮ್ಮ ತಂದೆ ಕದ್ದು ಮಸಾಲೆದೋಸೆ ತಿಂದರು. ನಾನು ರಾಜಾರೋಷವಾಗಿ ತಿನ್ನುತ್ತೇನೆ. ಆದರೆ ಹಂದಿಯ ಮೂಳೆ ಕುದಿಯುವ ಹಂಡೆಯ ಮುಂದೆ ಹೋಗಿ ಕೂಡುವುದೆಂದರೆ ಮೂರು ತಲೆಮಾರಿನ ಆ ಮೆಟ್ಟಿಲುಗಳೆಲ್ಲ ಏಕಾಏಕಿ ನೆನಪಾದುವು. ಇಷ್ಟೆಲ್ಲ ಅನುಮಾನ ನನ್ನಂಥ ಪರದೇಶದ ಸಸ್ಯಾಹಾರಿಗೆ ಮಾತ್ರ ಮೀಸಲು ಎಂದು ಆಗ ಎಣಿಸಿದ್ದೆ. ಹಾಗಲ್ಲವೆಂದು ಆಮೇಲೆ ಅಷ್ಟಿಷ್ಟು ಓದಿದಾಗ ತಿಳಿಯಿತು. ಆ ಪರದೆಯ ಮುಂದೆ ನಿಂತು, ಹೋಗಲೋ ಬೇಡವೋ ಎಂದು ಡೋಲಾಯಮಾನರಾದ ಜಪಾನೀಯರೇ ನಾಲ್ಕೈದು ತಲೆಮಾರು ಆಗಿಹೋಗಿದ್ದಾರೆ. ಒಂದೊಂದು ತಲೆಮಾರಿಗೆ ಒಂದೊಂದು ಕಾರಣ.

ರಾಮೆನ್ ಎಂದರೇನೆಂದು ವಾಚಕರಲ್ಲಿ ಹಲವರಿಗೆ ಗೊತ್ತಿದ್ದೀತು. ಪೊಟ್ಟಣದಲ್ಲಿ ಬರುವ ದಿಢೀರ್ ಶಾವಿಗೆಯ ಹಿರಿಯಣ್ಣ ಎಂದರೆ ಉಳಿದವರಿಗೂ ಅರ್ಥವಾಗುತ್ತದೆ. ಗೋಧಿಹಿಟ್ಟಿಗೆ ಬರಿಯ ಉಪ್ಪು ನೀರು ಸಾಲದೆಂದು 'ಕನ್‌ಸುಯಿ' ಎಂಬ ಕ್ಷಾರದ ನೀರನ್ನು ಬೆರೆಸಿ ನಾದುತ್ತಾರೆ. ಎಳೆ ಹಳದಿಗೆ ತಿರುಗುವುದೂ, ಬಿಸಿಸಾರಿನಲ್ಲಿ ಬೇಗ ಮೆತ್ತಗಾಗದೆ ಹಲ್ಲಿಗೆ ಪುಟಿಯುವುದೂ ಈ ಕ್ಷಾರದ ಮಹಿಮೆ. ನಮ್ಮ ಅಜ್ಜಿಯರು ಹಪ್ಪಳದ ಹಿಟ್ಟಿಗೆ ಹಾಕುತ್ತಿದ್ದ ಹಪ್ಪಳದ ಖಾರ ಇದಕ್ಕೆ ಹತ್ತಿರದ ನೆಂಟ. ಹಂದಿಯ ಮೂಳೆ, ಕೋಳಿಯ ಮೂಳೆ, ಒಣಗಿದ ಮೀನು, ಸಮುದ್ರದ ಪಾಚಿ ಮೊದಲಾದವನ್ನು ಗಂಟೆಗಟ್ಟಲೆ ಕುದಿಸಿ ಸಾರು ತೆಗೆಯುತ್ತಾರೆ. ಬಟ್ಟಲಿನ ತಳಕ್ಕೆ ಸೋಯಾ ರಸವನ್ನೋ ಉಪ್ಪಿನ ರಸವನ್ನೋ ಹಾಕಿ, ಅದರ ಮೇಲೆ ಸಾರು ಹೊಯ್ದು, ಬೆಂದ ಶಾವಿಗೆಯನ್ನು ಇಳಿಬಿಟ್ಟು, ಹಂದಿ ಮಾಂಸದ ಹೋಳು, ಕಳಲೆ, ಹೆಚ್ಚಿದ ಈರುಳ್ಳಿ ಸೊಪ್ಪು ಇಷ್ಟನ್ನು ಮೇಲಿಟ್ಟು ಕೊಡುತ್ತಾರೆ. ಇದರಲ್ಲಿ ನನ್ನಂಥವನಿಗೆ ನಿರ್ಬಾಧಕವಾದುವು ಕಳಲೆ ಮತ್ತು ಈರುಳ್ಳಿ, ಎರಡೇ. ನಮ್ಮಜ್ಜನನ್ನು ಕೇಳಿದ್ದರೆ ಕಳಲೆ ಒಂದೇ.

ಪ್ರಸಿದ್ಧವಾದ ತಿನಿಸಿಗೆಲ್ಲ ಒಬ್ಬ ರಾಜನನ್ನು ಮೂಲಪುರುಷನನ್ನಾಗಿ ಹುಡುಕಿಕೊಡುವ ಚಾಳಿ ಎಲ್ಲ ದೇಶಗಳಲ್ಲೂ ಉಂಟು. ಮಿತೋ ಸಂಸ್ಥಾನದ ಪ್ರಭು ತೋಕುಗಾವಾ ಮಿತ್ಸುಕುನಿ ಎಂಬಾತ ೧೭ನೆಯ ಶತಮಾನದಲ್ಲಿ, ಮಿಂಗ್ ರಾಜ್ಯ ಅಳಿದ ಮೇಲೆ ಚೀನಾದಿಂದ ಆಶ್ರಯ ಬೇಡಿ ಬಂದ ಪಂಡಿತ ಝು ಶುನ್‌ಶುಯಿಯ ಮೂಲಕ ಚೀನೀ ಶಾವಿಗೆಯ ರುಚಿ ಕಂಡನಂತೆ. ಕಂಡಿರಲಿ, ಯಾರು ಬೇಡವೆಂದವರು? ಅರಮನೆಯ ಆ ಒಂದು ಬಟ್ಟಲಿಗೂ ಬೀದಿಯ ಮೂಲೆಯ ಈ ಅಂಗಡಿಗೂ ನಡುವೆ ಯಾವ ದಾರಿಯೂ ಇಲ್ಲ. ಬೀದಿಯ ರಾಮೆನ್ನಿನ ವಂಶಾವಳಿ ಬಂದರಿನ ಕೂಲಿಗಳಿಂದ, ಅಡುಗೆಯವರಿಂದ ಆರಂಭವಾಗುತ್ತದೆ.

ಮೊದಲನೆಯ ಅಳುಕು ಮಾಂಸದ್ದೇ. ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದನ್ನು ವರ್ಷದ ಕೆಲವು ತಿಂಗಳು ತಿನ್ನಕೂಡದೆಂದು ತೆಮ್ಮು ಚಕ್ರವರ್ತಿ ಕ್ರಿ. ಶ. ೬೭೫ರಲ್ಲಿ ಆಜ್ಞೆ ಹೊರಡಿಸಿದ್ದ. ಬೌದ್ಧಧರ್ಮದ ಪ್ರಭಾವದಿಂದ ನಾಲ್ಕು ಕಾಲಿನ ಪ್ರಾಣಿಯ ಮಾಂಸ ಎಂದರೆ ಮೈಲಿಗೆ ಎಂಬ ಭಾವನೆ ಮುಂದೆ ಬೇರೂರಿತು. ತಿನ್ನುವವರು ಇರಲಿಲ್ಲವೆಂದಲ್ಲ. ಕಾಡುಹಂದಿಗೆ 'ಬೆಟ್ಟದ ತಿಮಿಂಗಿಲ' ಎಂದು ಹೆಸರಿಟ್ಟು, ತಿಮಿಂಗಿಲ ಮೀನಲ್ಲವೆ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡು ತಿಂದವರಿದ್ದರು. ಔಷಧವೆಂದು ಹೇಳಿ ತಿಂದವರೂ ಇದ್ದರು. ೧೮೭೨ರ ಜನವರಿಯಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸವನ್ನು ತಿಂದನೆಂಬ ಸುದ್ದಿ ಪ್ರಕಟವಾದಾಗ ದೇಶಕ್ಕೆ ದೇಶವೇ ಬೆಚ್ಚಿತು. ಅದಾದ ಸ್ವಲ್ಪ ದಿನಗಳಲ್ಲಿಯೇ ತಪಸ್ವಿಗಳ ಸಣ್ಣದೊಂದು ಗುಂಪು ಅರಮನೆಗೆ ನುಗ್ಗಲೆತ್ನಿಸಿ, ಕಾವಲಿನವರ ಕೈಯಲ್ಲಿ ಕೆಲವರು ಸತ್ತರು. ಒಂದು ತುತ್ತಿಗಾಗಿ ಪ್ರಾಣ ಬಿಟ್ಟವರು ಎಂದು ಇವರನ್ನು ಕಂಡು ನಗುವುದು ಸುಲಭ. ನನಗೆ ನಗು ಬರಲಿಲ್ಲ.

ಎರಡನೆಯ ಅಳುಕು ಮಾಡುವ ಕೈಯದು. ೧೮೫೯ರಲ್ಲಿ ಯೋಕೋಹಾಮಾ ಬಂದರು ಪರದೇಶದ ವ್ಯಾಪಾರಕ್ಕೆ ತೆರೆದಾಗ, ಪಾಶ್ಚಾತ್ಯ ವರ್ತಕರ ಜೊತೆಗೆ ಅವರ ಗುಮಾಸ್ತರಾಗಿ, ದಲ್ಲಾಳಿಗಳಾಗಿ, ಅಡುಗೆಯವರಾಗಿ ಚೀನೀಯರೂ ಬಂದರು. ಅವರು ನೆಲೆಸಿದ ಕೇರಿಗೆ 'ನಾನ್‌ಕಿನ್ ಪೇಟೆ' ಎಂದು ಹೆಸರಾಯಿತು. ಅಲ್ಲಿ ಮಾರುತ್ತಿದ್ದ ಶಾವಿಗೆ 'ನಾನ್‌ಕಿನ್ ಸೋಬಾ' ಎನಿಸಿತು. ಕತ್ತರಿ, ಕ್ಷೌರದ ಕತ್ತಿ, ಅಡುಗೆಯ ಕತ್ತಿ ಈ ಮೂರು ಕತ್ತಿಗಳಿಂದ ಹೊಟ್ಟೆ ಹೊರೆಯುವವರು ಎಂದು ಹೊರನಾಡಿಗೆ ಹೋದ ಚೀನೀಯರು ತಮ್ಮನ್ನು ಕುರಿತು ತಾವೇ ಹೇಳಿಕೊಳ್ಳುತ್ತಿದ್ದರು. ೧೮೯೪-೯೫ರ ಯುದ್ಧದಲ್ಲಿ ಚೀನಾ ಸೋತ ಮೇಲೆ ಜಪಾನೀಯರ ಕಣ್ಣಿನಲ್ಲಿ ಅವರ ಬೆಲೆ ಮತ್ತಷ್ಟು ಇಳಿಯಿತು. ಹಿಂದೆ ಗುರುಸ್ಥಾನದಲ್ಲಿದ್ದ ದೇಶದ ಜನರನ್ನು ಗೆದ್ದವರ ಅಹಂಕಾರದಿಂದ ನೋಡುವ ಕಾಲ ಬಂತು. ಮರ್ಯಾದಸ್ಥರಾದವರು ಆ ಕೇರಿಯ ಅಂಗಡಿಯಲ್ಲಿ ಕೂತು ತಿನ್ನಬಹುದೆ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಈ ಪ್ರಶ್ನೆಯನ್ನು ಬಹು ಜಾಣತನದಿಂದ ಬಗೆಹರಿಸಿದವನು ಓಜಾಕಿ ಕನ್‌ಇಚಿ ಎಂಬ ಜಪಾನೀ ಗೃಹಸ್ಥ. ಯೋಕೋಹಾಮಾದ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದವನು ಆ ಕೆಲಸ ಬಿಟ್ಟು, ೧೯೧೦ರಲ್ಲಿ ಟೋಕಿಯೋ ನಗರದ ಅಸಾಕುಸಾದಲ್ಲಿ 'ರೈರೈಕೆನ್' ಎಂಬ ಅಂಗಡಿ ತೆರೆದ. ಅಡುಗೆಯವರು ಯೋಕೋಹಾಮಾದಿಂದ ಕರೆತಂದ ಚೀನೀಯರು. ಗಲ್ಲದ ಮೇಲಿದ್ದವನು ಜಪಾನಿಯವನು. ಸಾರಿಗೆ ಬಿದ್ದದ್ದು ಜಪಾನೀ ನಾಲಗೆಗೆ ಒಗ್ಗಿದ ಸೋಯಾ ರಸ. ಅಸಾಕುಸಾ ಎಂದರೆ ಆ ಕಾಲದ ವಿನೋದದ ಪೇಟೆ. ಜಪಾನಿನ ಮೊದಲನೆಯ ಕಾಯಂ ಸಿನಿಮಾ ಮಂದಿರ ೧೯೦೩ರಲ್ಲಿ ತೆರೆದದ್ದು ಅಲ್ಲಿಯೇ. ಸಿನಿಮಾ ನೋಡಲು ಬಂದವನು ಅಷ್ಟು ಹೊತ್ತಿಗೆ ಮನೆಯ ಹಿರಿಯರನ್ನು ಮರೆತಿರುತ್ತಾನೆ. ಆಟ ಬಿಟ್ಟ ಜನ ನೇರವಾಗಿ ರೈರೈಕೆನ್‌ಗೆ ನುಗ್ಗುತ್ತಿದ್ದರು. ಹೆಸರು ಅಷ್ಟು ಹೊತ್ತಿಗೆ 'ಶಿನಾ ಸೋಬಾ' ಎಂದಾಗಿತ್ತು. ಶಿನಾ ಎಂದರೆ ಚೀನಾ. ಆದರೆ ಕೇಳಿದ ಚೀನೀಯನ ಮುಖ ಸಿಂಡರಿಸುವಂಥ ಧ್ವನಿ ಆ ಪದಕ್ಕೆ ವರ್ಷ ಕಳೆದಂತೆ ಅಂಟಿಕೊಂಡಿತು. ಚೀನಾದ ಮೇಲೆ ಸೈನ್ಯ ನಡೆಸುತ್ತಲೇ ಚೀನಾದ ಶಾವಿಗೆಯನ್ನು ಬಾಯಿ ಚಪ್ಪರಿಸಿ ತಿಂದ ದೇಶ ಅದು. ೧೯೪೬ರಲ್ಲಿ ಜಪಾನಿನ ವಿದೇಶಾಂಗ ಶಾಖೆಯೇ ಶಿನಾ ಪದವನ್ನು ಬಳಸಬಾರದೆಂದು ತಿಳಿಸಿದ ಮೇಲೆ, ಬಟ್ಟಲು 'ಚೂಕಾ ಸೋಬಾ' ಎಂಬ ಸಭ್ಯವಾದ ಹೆಸರನ್ನು ಪಡೆಯಿತು.

೧೯೨೩ರ ಸೆಪ್ಟೆಂಬರ್ ೧ರಂದು ಆದ ಭೂಕಂಪದಲ್ಲಿ ಟೋಕಿಯೋ, ಯೋಕೋಹಾಮಾ ಎರಡೂ ನೆಲಸಮವಾಗಿ, ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅಂಗಡಿಯೇ ಇಲ್ಲವಾದ ಮೇಲೆ ಹೊಸ್ತಿಲೆಲ್ಲಿಯದು? ಅಡುಗೆಯವರು ತಳ್ಳುಗಾಡಿ ಹಿಡಿದು ಬೀದಿಗಿಳಿದರು. ಕೆಲವರು ದೂರದ ಊರುಗಳಿಗೆ ಹೋದರು. ಗಾಡಿಯವನು ರಾತ್ರಿ ಬರುವಾಗ 'ಚಾರುಮೇರಾ' ಎಂಬ ವಾದ್ಯವನ್ನು ಊದುತ್ತಿದ್ದ. ಹೆಸರು ಪೋರ್ಚುಗೀಸರದು, ವಾದ್ಯ ಮಾತ್ರ ನಮ್ಮ ಮೌರಿ, ಶಹನಾಯಿಗಳ ಜಾತಿಯದೇ, ಎರಡು ನಾಲಗೆಯ ಪೀಪಿಯದು. ಚಳಿಗಾಲದ ನಡುರಾತ್ರಿಯಲ್ಲಿ ಆ ಸ್ವರ ಕೇಳಿದರೆ, ಹಾಸಿಗೆಯಲ್ಲಿದ್ದವನು ಏಳಲೋ ಬೇಡವೋ ಎಂದು ಹೊರಳಾಡುತ್ತಿದ್ದಿರಬೇಕು. ಅಲ್ಲಿ ಜಾತಿಯೂ ಮರ್ಯಾದೆಯೂ ಅಡ್ಡ ಬರುತ್ತಿರಲಿಲ್ಲ. ಹೊದಿಕೆಯ ಬೆಚ್ಚನೆಯೊಂದೇ ಅಡ್ಡಿ.

ಈ ಚರಿತ್ರೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ ಭಾಗ ಯುದ್ಧದ ನಂತರದ ವರ್ಷಗಳು. ೧೯೪೫ರಲ್ಲಿ ಸೋಲು, ಅದರ ಬೆನ್ನಿಗೆ ಅತಿ ಕೆಟ್ಟ ಬತ್ತದ ಬೆಳೆ. ಮಂಚೂರಿಯಾ, ಚೀನಾ, ಕೊರಿಯಾ ಮೊದಲಾದ ಕಡೆಗಳಿಂದ ಅರವತ್ತು ಲಕ್ಷಕ್ಕೂ ಹೆಚ್ಚು ಜನ, ಸೈನಿಕರೂ ಸಂಸಾರಸ್ಥರೂ, ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಪಡಿತರದ ಚೀಟಿಗೆ ಸಿಕ್ಕುವುದು ಅರೆಹೊಟ್ಟೆಗೂ ಸಾಲದು. ಅದೂ ದಿನಗಟ್ಟಲೆ ತಡ. ಆದ್ದರಿಂದ ಪ್ರತಿಯೊಂದು ದೊಡ್ಡ ರೈಲು ನಿಲ್ದಾಣದ ಬಳಿ ಕಾಳಸಂತೆ ಎದ್ದಿತು. ಅಮೆರಿಕದಿಂದ ಬಂದ ಗೋಧಿಹಿಟ್ಟು ಹೇಗೋ ಅಲ್ಲಿಗೆ ಸೋರಿ, ಶಾವಿಗೆಯಾಗಿ, ಬಟ್ಟಲಿಗೆ ಬೀಳುತ್ತಿತ್ತು. ಮಂಚೂರಿಯಾದಲ್ಲಿ ಚೀನೀ ಅಡುಗೆ ಕಲಿತು ಬಂದವರಿಗೆ ಇದೇ ಜೀವನೋಪಾಯ. ಕೊಬ್ಬು ತೇಲುವ ಬಿಸಿಸಾರು, ಬೆಳ್ಳುಳ್ಳಿಯ ವಾಸನೆ. ತಿಂದವನ ಮೈಗೆ ತ್ರಾಣ. ಆದರೆ ಮಾರುವವನೂ ತಿನ್ನುವವನೂ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಗಳು. ೧೯೪೭ರ ಜುಲೈಯಲ್ಲಂತೂ ಚೀಟಿ ಪಡೆದು ಊಟ ಹಾಕುವ ಕೆಲವು ಖಾನಾವಳಿಗಳು, ವಸತಿಗೃಹಗಳು ಮೊದಲಾದುವನ್ನು ಬಿಟ್ಟು ಉಳಿದ ಹೋಟಲುಗಳನ್ನೆಲ್ಲ ಮುಚ್ಚಿಸುವ ಆಜ್ಞೆಯೇ ಆಯಿತು.

ಅದೇ ವರ್ಷ ಟೋಕಿಯೋ ನ್ಯಾಯಾಲಯದಲ್ಲಿ ಯಾಮಾಗುಚಿ ಯೋಶಿತದಾ ಎಂಬ ತರುಣ ನ್ಯಾಯಾಧೀಶರಿದ್ದರು. ಆಹಾರ ನಿಯಂತ್ರಣದ ಕಾನೂನನ್ನು ಮುರಿದವರ ವಿಚಾರಣೆ ಅವರ ಪಾಲಿನ ಕೆಲಸ. ಕಟಕಟೆಗೆ ಬರುತ್ತಿದ್ದವರು ದೊಡ್ಡ ಕಳ್ಳರಲ್ಲ. ಹೊಟ್ಟೆಗಾಗಿ ನಾಲ್ಕು ಸೇರು ಅಕ್ಕಿ ತಂದವರು, ಹಿಟ್ಟು ಮಾರಿದವರು. ಇವರಿಗೆ ಶಿಕ್ಷೆ ವಿಧಿಸುವ ನಾನು ಸಂಜೆ ಮನೆಗೆ ಹೋಗಿ ಅದೇ ಕಾಳಸಂತೆಯ ಅನ್ನವನ್ನು ಹೇಗೆ ಉಣ್ಣಲಿ ಎಂಬುದು ಅವರ ಧರ್ಮಸಂಕಟ. ಪಡಿತರವನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದರು. ಪಡಿತರದಲ್ಲಿಯೂ ಬಹುಪಾಲನ್ನು ಇಬ್ಬರು ಮಕ್ಕಳಿಗೆ ಬಿಟ್ಟರು. ಆಗಸ್ಟ್ ತಿಂಗಳಲ್ಲಿ ಕುಸಿದುಬಿದ್ದರು. ೧೯೪೭ರ ಅಕ್ಟೋಬರ್ ೧೧ರಂದು ಅಪೌಷ್ಟಿಕತೆಯಿಂದ ತೀರಿಕೊಂಡರು. ವಯಸ್ಸು ೩೩. ನವೆಂಬರಿನಲ್ಲಿ ವೃತ್ತಪತ್ರಿಕೆಯಲ್ಲಿ ಸುದ್ದಿ ಬಂದಾಗ, ಕಾಳಸಂತೆಯಲ್ಲಿ ಕೊಂಡದ್ದನ್ನೇ ತಿಂದು ಬದುಕಿದ್ದ ಇಡೀ ದೇಶ ಅದನ್ನು ಓದಿತು.

ನಮ್ಮಲ್ಲಿ ಹರಿಶ್ಚಂದ್ರನ ಕಥೆ ಕೇಳಿ ಬೆಳೆದವರಿಗೆ ಈತ ಅಪರಿಚಿತನೆನಿಸಲಾರ. ಆದರೂ ನನಗೆ ಒಂದು ತಳಮಳ ಉಳಿದೇ ಇದೆ. ಆ ಮನೆಯ ಹೆಂಡತಿಯ ಪಾಡೇನು? ಅದೇ ಸಾಯಂಕಾಲ, ಅದೇ ನಗರದ ಯಾವುದೋ ನಿಲ್ದಾಣದ ಹಿಂದೆ, ನ್ಯಾಯಾಧೀಶರ ವಯಸ್ಸಿನವನೇ ಆದ ಒಬ್ಬ ಗುಮಾಸ್ತ ಗಾಡಿಯ ಮುಂದೆ ಒಂದು ಕ್ಷಣ ನಿಂತು, ಆಚೀಚೆ ನೋಡಿ, ಬಟ್ಟಲಿಗೆ ಕೈಚಾಚಿ, ಬದುಕಿಕೊಂಡಿದ್ದಾನು. ಅವನನ್ನು ತಪ್ಪಿತಸ್ಥನೆನ್ನಲು ನನಗೆ ಬಾಯಿ ಬರುವುದಿಲ್ಲ. ನ್ಯಾಯಾಧೀಶರನ್ನು ಹುಚ್ಚರೆನ್ನಲೂ ಬಾಯಿ ಬರುವುದಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ೧೯೫೦ರ ಹೊತ್ತಿಗೆ ಗೋಧಿಹಿಟ್ಟಿನ ಮೇಲಿನ ನಿರ್ಬಂಧಗಳು ಸಡಿಲಿ, ಗಾಡಿಗಳು ಬಹಿರಂಗವಾಗಿ ಬಂದುವು. ಅಮೆರಿಕದ ಹೆಚ್ಚುವರಿ ಗೋಧಿ ೧೯೫೪ರ ಪಿ. ಎಲ್. ೪೮೦ ಎಂಬ ಶಾಸನದ ಪ್ರಕಾರ ಹಡಗು ಹಡಗಾಗಿ ಬರತೊಡಗಿತು. ಎರಡು ವರ್ಷಗಳ ತರುವಾಯ ನಮ್ಮ ದೇಶದ ಬಂದರುಗಳಿಗೆ ಬಂದ ಗೋಧಿಯೂ ಇದೇ ಶಾಸನದ್ದು. ಇಲ್ಲಿ ಅದು ಚಪಾತಿಯಾಯಿತು, ಅಲ್ಲಿ ಬ್ರೆಡ್ಡೂ ಶಾವಿಗೆಯೂ ಆಯಿತು. ಕಾಳಸಂತೆಯ ದಿನಗಳಲ್ಲಿ ಓಸಾಕಾ ನಗರದ ಊಮೆದಾ ನಿಲ್ದಾಣದ ಹಿಂದೆ ಚಳಿಯಲ್ಲಿ ರಾಮೆನ್ ಗಾಡಿಯ ಮುಂದೆ ನಿಂತಿದ್ದ ಉದ್ದನೆಯ ಸಾಲನ್ನು ಕಂಡ ನೆನಪೇ ತನ್ನ ಉದ್ಯಮಕ್ಕೆ ಬೀಜವಾಯಿತೆಂದು ಆಂದೋ ಮೊಮೊಫುಕು ಎಂಬಾತ ಹೇಳಿಕೊಂಡಿದ್ದಾನೆ. ತೈವಾನಿನಲ್ಲಿ ೧೯೧೦ರಲ್ಲಿ, ಎಂದರೆ ರೈರೈಕೆನ್ ತೆರೆದ ವರ್ಷವೇ, ಹುಟ್ಟಿದವನು ಈತ. ಶಾವಿಗೆಯನ್ನು ಎಣ್ಣೆಯಲ್ಲಿ ಕರಿದು ನೀರನ್ನು ಹೋಗಲಾಡಿಸುವ ಉಪಾಯ ಕಂಡುಹಿಡಿದು, ೧೯೫೮ರ ಆಗಸ್ಟ್ ೨೫ರಂದು 'ಚಿಕನ್ ರಾಮೆನ್' ಪೊಟ್ಟಣವನ್ನು ೩೫ ಯೆನ್ನಿಗೆ ಮಾರಾಟಕ್ಕಿಟ್ಟ. ರಾಮೆನ್ ಎಂಬ ಹೆಸರು ದೇಶದಲ್ಲೆಲ್ಲ ನೆಲೆನಿಂತದ್ದು ಈ ಪೊಟ್ಟಣದಿಂದ. ಹೊಸ್ತಿಲು ದಾಟಲು ನಾಚಿದವರ ಮನೆಯೊಳಕ್ಕೆ ರಾಮೆನ್ ತಾನೇ ನಡೆದುಕೊಂಡು ಹೋಯಿತು.

ನಾಚುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಓಜು ಯಾಸುಜಿರೋ ನಿರ್ದೇಶಿಸಿದ, ೧೯೫೨ರಲ್ಲಿ ಬಂದ ಒಂದು ಚಿತ್ರದಲ್ಲಿ, ಹಿರಿಯರು ಗೊತ್ತುಮಾಡಿದ ವರನನ್ನು ನೋಡಲು ಒಲ್ಲದೆ ತಪ್ಪಿಸಿಕೊಂಡು ಬಂದ ಸಿರಿವಂತರ ಹುಡುಗಿಯೊಬ್ಬಳು ಒಬ್ಬ ತರುಣನೊಡನೆ ಅಗ್ಗದ ರಾಮೆನ್ ಅಂಗಡಿಯಲ್ಲಿ ಕೂತು ತಿನ್ನುತ್ತಾಳೆ. ಇಂಥದು ರುಚಿಯಾಗಿದ್ದರೆ ಸಾಲದು, ಅಗ್ಗವೂ ಆಗಿರಬೇಕು ಎಂದು ತರುಣ ಅವಳಿಗೆ ಉಪದೇಶ ಮಾಡುತ್ತಾನೆ. ಒಂದು ಬಟ್ಟಲಿನಲ್ಲಿ ಒಂದು ಮನೆತನದ ಗತ್ತು ಮುಳುಗಿಹೋಗುವುದನ್ನು ಅಷ್ಟು ಮೆಲ್ಲಗೆ ತೋರಿಸಿರುವುದು ಆ ನಿರ್ದೇಶಕನ ಹಿರಿಮೆ. ಗಂಡಸರು ಸಾಲಾಗಿ ಕೂತು ಸದ್ದುಮಾಡುತ್ತ ಹೀರುವ ಕಡೆ ಒಂಟಿ ಹೆಂಗಸು ಹೋಗುವುದು ಹೇಗೆ ಎಂಬ ಸಂಕೋಚ ಅದಾದ ಎಷ್ಟೋ ವರ್ಷಗಳ ಮೇಲೂ ಇತ್ತು. ಇತಾಮಿ ಜೂಜೋ ೧೯೮೫ರಲ್ಲಿ ತೆಗೆದ 'ತಂಪೋಪೋ' ಚಿತ್ರ ಇದನ್ನು ಬುಡಮೇಲು ಮಾಡಿತು. ಅದರಲ್ಲಿ ಮಗನನ್ನು ಸಾಕುವ ವಿಧವೆಯೊಬ್ಬಳೇ ಅಂಗಡಿಯ ಯಜಮಾನಿ. ಲಾರಿ ಚಾಲಕನೊಬ್ಬ ನಿನ್ನ ರಾಮೆನ್ ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುವುದರಿಂದ ಕಥೆ ಮುಂದುವರಿಯುತ್ತದೆ.

ಇಂದಿನ ಜಪಾನೀಯನು ಪರದೆಯ ಮುಂದೆ ನಿಂತರೆ ಅವನ ಲೆಕ್ಕಾಚಾರವೇ ಬೇರೆ. ೨೦೧೫ರ ಡಿಸೆಂಬರಿನಲ್ಲಿ ಟೋಕಿಯೋ ನಗರದ ಸುಗಾಮೋದಲ್ಲಿದ್ದ ಒಂದು ಸಣ್ಣ ರಾಮೆನ್ ಅಂಗಡಿಗೆ ಮಿಶೆಲಿನ್ ನಕ್ಷತ್ರ ಸಿಕ್ಕಿತು. ಬೇರೆ ಯಾವ ರಾಮೆನ್ ಅಂಗಡಿಗೂ ಅದಕ್ಕೆ ಮುಂಚೆ ಆ ಗೌರವ ಸಂದಿರಲಿಲ್ಲ. ಅತ್ತ ಕೂಲಿಯವನ ಗಾಡಿಯಿಂದ ಹೊರಟ ತಿನಿಸಿಗೆ ನಕ್ಷತ್ರ. ಇತ್ತ ಬಡಾವಣೆಯ ಸಾಮಾನ್ಯ ಅಂಗಡಿಯವನಿಗೆ 'ಸಾವಿರ ಯೆನ್ನಿನ ಗೋಡೆ'. ಒಂದು ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಬರುವುದಿಲ್ಲ ಎಂಬ ಹೆದರಿಕೆಗೆ ಆ ಕಸಬಿನವರು ಕೊಟ್ಟ ಹೆಸರು ಅದು. ಹಿಟ್ಟು, ಮಾಂಸ, ಅನಿಲ ಎಲ್ಲದರ ಬೆಲೆ ಏರಿ, ಬೆಲೆ ಏರಿಸಲಾರದೆ ಮುಚ್ಚಿಹೋದ ಸಣ್ಣ ಅಂಗಡಿಗಳು ಈಚಿನ ವರ್ಷಗಳಲ್ಲಿ ಬಹಳ. ನಾವು ನಿಂತಿದ್ದ ಅಂಗಡಿಯ ಬಾಗಿಲಿನ ಪಕ್ಕದಲ್ಲಿ ಚೀಟಿ ಕೊಡುವ ಯಂತ್ರವಿತ್ತು. ಅದರ ಗುಂಡಿಯೊಂದರ ಮೇಲೆ ಹಳೆಯ ಬೆಲೆಗೆ ಚಿಕ್ಕ ಕಾಗದ ಅಂಟಿಸಿ ೯೫೦ ಎಂದು ಕೈಯಲ್ಲಿ ಬರೆದಿತ್ತು. ಬರೆದ ಕೈ ಎಷ್ಟು ಸಲ ಹಿಂಜರಿದಿತ್ತೋ.

ನನ್ನ ವಿಚಾರಕ್ಕೆ ಬರುತ್ತೇನೆ. "ನೀನು ತಿಂದು ಬಾ, ನಾನು ಒಳಗೆ ಸುಮ್ಮನೆ ಕೂತಿರುತ್ತೇನೆ" ಎಂದೆ. ಬಾಮೈದ ತಲೆಯಾಡಿಸಿದ. "ಹಾಗಾಗುವುದಿಲ್ಲ ಭಾವ. ಎಂಟು ಪೀಠದ ಅಂಗಡಿ. ತಿನ್ನದೆ ಒಂದನ್ನು ಹಿಡಿದು ಕೂತರೆ ಅವನಿಗೆ ಒಂದು ಬಟ್ಟಲು ನಷ್ಟ. ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ." ಮಾತು ನ್ಯಾಯವಾದದ್ದೇ. ತಿನ್ನುವುದಾದರೆ ಒಳಗೆ, ಇಲ್ಲವಾದರೆ ಹೊರಗೆ. ನಡುವೆ ನಿಲ್ಲುವುದಕ್ಕೆ ಜಾಗವಿಲ್ಲ. ನಾನು ಹೊರಗೇ ಉಳಿದೆ.

ಕೊಡೆ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಎರಡು ನಿಮಿಷವಾಗಿರಲಿಲ್ಲ, ಕೈಚೀಲ ಹಿಡಿದ ಒಬ್ಬ ಗೃಹಸ್ಥ ಬಂದು ನನ್ನ ಹಿಂದೆ ನಿಂತ. ಅವನ ಹಿಂದೆ ಒಬ್ಬ ಶಾಲೆಯ ಹುಡುಗ. ಅವನ ಹಿಂದೆ ಒಬ್ಬ ಮುದುಕಿ. ನನಗೆ ಸ್ವಲ್ಪ ಹೊತ್ತು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು: ನನ್ನನ್ನು ಸಾಲಿನ ಮೊದಲಿಗನೆಂದು ತಿಳಿದಿದ್ದಾರೆ! ಒಂದು ಪೀಠ ತೆರವಾಯಿತು. ಮೂವರೂ ನನ್ನ ಕಡೆ ನೋಡಿದರು. ನನ್ನ ಜಪಾನೀ ಭಾಷೆ ಎರಡು ಪದಗಳದು. ಕೈಸನ್ನೆಯಿಂದ, ನೀವು ಹೋಗಿ, ನಾನಲ್ಲ ಎಂದೆ. ಗೃಹಸ್ಥ ಬಾಗಿ ವಂದಿಸಿ ಒಳಗೆ ಹೋದ. ಹುಡುಗನೂ ಬಾಗಿದ. ಮುದುಕಿ ಮಾತ್ರ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಏನೋ ಕೇಳಿ, ಉತ್ತರ ಸಿಗದೆ, ನಕ್ಕು ಪರದೆ ಸರಿಸಿದಳು.

ಬಾಮೈದ ಒಂಬತ್ತನೆಯ ನಿಮಿಷಕ್ಕೆ ಈಚೆಗೆ ಬಂದ. ಕನ್ನಡಕದ ತುಂಬ ಹಬೆ. "ಟೋಕಿಯೋ ನಿಲ್ದಾಣದ ಒಳಗೆ ಬರಿಯ ತರಕಾರಿಯಲ್ಲೇ ರಾಮೆನ್ ಮಾಡುವ ಒಂದು ಅಂಗಡಿ ಇದೆ. ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ" ಎಂದ. ಎರಡು ದಿನ ಬಿಟ್ಟು ಹೋದೆವು. ಅಲ್ಲಿಯೂ ಸಾಲಿತ್ತು. ಈ ಸಲ ನಾನು ಸಾಲಿನಲ್ಲಿ ನಿಜವಾಗಿಯೇ ನಿಂತೆ.